ರಕ್ತ ಕೊಟ್ಟ ಅಣ್ಣನ ಪಾಲು

ಸುಲೇಪೇಟದ ಆ ಮನೆಯ ಪಡಸಾಲೆಯಲ್ಲಿ ಕೂತು ನಾನು ಮಾತು ಕೊಟ್ಟಿದ್ದೆ. ಎದುರಿಗೆ, ತಂಗಿಯ ಚಿಕಿತ್ಸೆಗೆ ಸೊಸೆಯನ್ನು ಹೈದರಾಬಾದಿಗೆ ಕಳಿಸಲೋ ಬೇಡವೋ ಎಂದು ಅನುಮಾನಿಸುತ್ತಿದ್ದ ಅತ್ತೆ. ಬಾಗಿಲಿಗೆ ಒರಗಿ ನಿಂತ ಅವರ ಮಗ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು, ಸೊಸೆ ಕಿವಿಗೊಟ್ಟಿದ್ದಾಳೆ ಎಂದು ಎಲ್ಲರಿಗೂ ಗೊತ್ತಿತ್ತು.

ಅತ್ತೆ ಸುತ್ತಿ ಬಳಸಿ ಮಾತಾಡುವವರಲ್ಲ. "ತಂಗಿಗಿ ಅದ ಅಂದ್ರ ಇಕಿಗೂ ಇರ್ತದಲ್ರಿ ಆ ರಕ್ತದ ಬ್ಯಾನಿ?" ಎಂದು ಕೇಳಿದರು.

"ಇಲ್ರಿ ಯವ್ವಾ, ಟೆಸ್ಟ್ ಮಾಡಿ ನೋಡೀವಿ. ಇಕಿಗಿ ಏನೂ ಇಲ್ಲ. ನಾ ಹೇಳಾಕತ್ತೀನಲ್ರಿ," ಎಂದೆ.

ಆ 'ನಾ ಹೇಳಾಕತ್ತೀನಲ್ರಿ' ಎಂಬ ಮಾತಿಗೆ ಅವರು ಒಪ್ಪಿದರು. ನಾನು ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ, ರಕ್ತದ ಕಾಯಿಲೆಯವರಿಗೆ ಕಾಂಡಕೋಶ ಕಸಿ ಮಾಡುವ ವಿಭಾಗದಲ್ಲಿ ನರ್ಸ್. ಹುಟ್ಟಿ ಬೆಳೆದದ್ದು ಶಹಾಬಾದ್. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ರೋಗಿಗಳು ಬಂದರೆ ನಮ್ಮ ವೈದ್ಯರು ನನ್ನನ್ನೇ ಮುಂದೆ ಬಿಡುತ್ತಾರೆ. ನನ್ನ ಮಾತಿನ ಧಾಟಿ ಕೇಳಿದ ಕೂಡಲೇ ನಮ್ಮ ಮಂದಿಯ ಮುಖ ಸಡಿಲಾಗುತ್ತದೆ. ನನಗೂ ಅದರ ಜಂಬ ಇಲ್ಲದಿಲ್ಲ.

ಕಾಯಿಲೆ ಇದ್ದದ್ದು ಆ ಸೊಸೆಯ ತಂಗಿಗೆ. ಹೈಸ್ಕೂಲು ಹುಡುಗಿ. ಚಿತ್ತಾಪುರದಾಚೆ ಕಾಗಿಣಾ ದಂಡೆಯ ಊರು ಅವರದು. ಅಜ್ಜಂದಿರ ಕಾಲಕ್ಕೆ ಹೊಳೆಯಲ್ಲಿ ಹರಗೋಲು ಹಾಕಿ ಜನರನ್ನು ದಾಟಿಸುತ್ತಿದ್ದರಂತೆ. ಈಗ ತಂದೆ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹೊಡೆಯುತ್ತಾರೆ, ತಾಯಿ ತೊಗರಿ ಹೊಲದ ಕೂಲಿಗೆ ಹೋಗುತ್ತಾರೆ. ಇಬ್ಬರೇ ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಕಿರಿಯವಳಿಗೆ ಸಿಕಲ್ ಸೆಲ್. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಹಾಕಿಕೊಂಡು, ಎಲುಬು ಕಿತ್ತುಬರುವ ನೋವು ಕೊಡುವ ಕಾಯಿಲೆ. ನೋವು ಬಂದಾಗ ಆ ಹುಡುಗಿ ಅಳುತ್ತಿರಲಿಲ್ಲ, ಮಂಚದ ಕಬ್ಬಿಣ ಕಚ್ಚುತ್ತಿದ್ದಳು. ಅದರ ಮೇಲೆ ತಲೆಯ ಸ್ಕ್ಯಾನಿನಲ್ಲಿ ಮೆದುಳಿನ ರಕ್ತನಾಳ ಕಿರಿದಾಗುತ್ತಿರುವುದು ಕಂಡಿತ್ತು. ಲಕ್ವ ಹೊಡೆಯುವ ಮುನ್ನ ಕಸಿ ಮಾಡಬೇಕು ಎಂದು ವೈದ್ಯರು ಹೇಳಿದರು.

ಕಸಿಯ ಲೆಕ್ಕವನ್ನು ನಾನು ನಮ್ಮ ಮಂದಿಗೆ ಹೊಲದ ಭಾಷೆಯಲ್ಲೇ ಹೇಳುತ್ತೇನೆ. ರಕ್ತ ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಅದು ಹೊಲ. ಕಾಂಡಕೋಶ ಎಂದರೆ ಅಲ್ಲಿಯ ಬೀಜ. ರೋಗದ ಬೆಳೆಯನ್ನು ಔಷಧ ಹಾಕಿ ಪೂರ್ತಿ ಕಿತ್ತು, ಹೊಲ ಖಾಲಿ ಮಾಡಿ, ಹೊಂದುವವರ ಬೀಜ ತಂದು ಬಿತ್ತಬೇಕು. ಹೊಂದುವವರು ಸಿಗುವುದೇ ಕಷ್ಟ. ಇಲ್ಲಿ ಅಕ್ಕನದು ತಂಗಿಗೆ ಪೂರ್ತಿ ಹೊಂದಿತು. ಆ ವರದಿ ಬಂದ ದಿನ ನಾನು ವಾರ್ಡಿನಲ್ಲಿ ಪೇಡೆ ಹಂಚಿದೆ.

ಇನ್ನು ಉಳಿದದ್ದು ಅಕ್ಕನ ರಕ್ತದ ಪರೀಕ್ಷೆ. ಈ ಕಾಯಿಲೆಯ ಗುಣ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದರೆ ರೋಗ. ಒಂದೇ ಬಂದರೆ ವಾಹಕ, ಅಂಥವರಿಗೆ ತೊಂದರೆಯಿಲ್ಲ, ಅವರು ಬೀಜ ಕೊಡಬಹುದು. ಅಕ್ಕನ ರಕ್ತದ ನಕ್ಷೆಯಲ್ಲಿ ಒಳ್ಳೆಯ ಹಿಮೋಗ್ಲೋಬಿನ್ನಿನ ಗೆರೆ ಎತ್ತರವಾಗಿ, ರೋಗದ್ದು ಅದಕ್ಕಿಂತ ಗಿಡ್ಡವಾಗಿ ಬಂತು. ವಾಹಕರದು ಹೀಗೇ ಇರುತ್ತದೆ. ರಕ್ತ ಸ್ವಲ್ಪ ಕಡಿಮೆ ಇತ್ತು; ಆ ಬೇಸಿಗೆಯಲ್ಲಿ ಅವಳ ಚೊಚ್ಚಲ ಹೆರಿಗೆಯಾಗಿ ಕೂಸು ಉಳಿದಿರಲಿಲ್ಲ. ಬಾಣಂತಿ ಮೈ, ಅದಕ್ಕೇ ಇರಬೇಕು ಎಂದುಕೊಂಡೆವು.

ದಾನಿಗೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ನಾನೇ ಕೇಳಿದೆ. ಯಾವಾಗಲಾದರೂ ರಕ್ತ ಏರಿಸಿದ್ದಾರೇನು ಎಂದದ್ದಕ್ಕೆ ಅವಳು ಬಾಯಿ ತೆರೆಯುವ ಮೊದಲೇ ತಾಯಿ ಇಲ್ಲವೇ ಇಲ್ಲ ಎಂದರು. ಪಕ್ಕದ ಕುರ್ಚಿಯಲ್ಲಿ ಅಳಿಯ ಕೂತಿದ್ದ. ಅವಳು ತಲೆ ತಗ್ಗಿಸಿ ಸೆರಗಿನ ಅಂಚು ತಿರುವುತ್ತಿದ್ದಳು. ಹೊಸ ಊರು, ದೊಡ್ಡ ಆಸ್ಪತ್ರೆ, ಹೆದರಿದ್ದಾಳೆ ಎಂದು ನಾನು ಮುಂದಿನ ಪ್ರಶ್ನೆಗೆ ಹೋದೆ.

ಅತ್ತೆಯ ಒಪ್ಪಿಗೆ ಸಿಕ್ಕ ಮೇಲೆ ಎಲ್ಲ ಸರಸರ ನಡೆಯಿತು. ಯೋಜನೆ ಹೀಗಿತ್ತು: ಅಕ್ಕನಿಗೆ ಕೆಲವು ದಿನ ಹೊಟ್ಟೆಯ ಚರ್ಮದಡಿ ಸೂಜಿಮದ್ದು. ಅದು ಮಜ್ಜೆಯೊಳಗಿನ ಕಾಂಡಕೋಶಗಳನ್ನು ಎಬ್ಬಿಸಿ ರಕ್ತಕ್ಕೆ ತರುತ್ತದೆ. ಆಮೇಲೆ ಒಂದು ಯಂತ್ರ ತೋಳಿನಿಂದ ರಕ್ತ ಎಳೆದು, ಆ ಕಣಗಳನ್ನಷ್ಟೇ ಸೋಸಿಕೊಂಡು, ಉಳಿದದ್ದನ್ನು ವಾಪಸ್ಸು ಬಿಡುತ್ತದೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಅಕ್ಕನ ಸೂಜಿ ಶುರುವಾಗುವ ವಾರವೇ ತಂಗಿಯ ಮಜ್ಜೆ ಖಾಲಿ ಮಾಡುವ ಔಷಧವೂ ಶುರು. ಅದು ಮೈಗೆ ಹೋದ ಮೇಲೆ ಹಿಂದೆ ಬರಲು ದಾರಿಯಿಲ್ಲ.

ಆಗ ತಾಯಿ ಒಂದು ಮಾತು ಎತ್ತಿದರು. ಪಂಚಮಿ ಮುಗಿಯಲಿ, ಮಗಳು ತವರಿಗೆ ಬಂದು ನಾಗಪ್ಪಗೆ ಹಾಲೆರೆಯಲಿ, ಆಮೇಲೆ ಬರುತ್ತೇವೆ ಎಂದರು. ನಮ್ಮ ವೈದ್ಯರಿಗೆ ಸಿಟ್ಟು ಬಂತು. ಹಾಸಿಗೆ ಖಾಲಿಯಿದೆ, ಹುಡುಗಿಯ ಮೆದುಳು ಹಬ್ಬಕ್ಕೆ ಕಾಯುತ್ತದೆಯೇ ಎಂದರು. ನಾನು ಅವರ ಜೊತೆ ಜಗಳಕ್ಕೇ ನಿಂತೆ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳನ್ನು ತವರಿಗೆ ಕಳಿಸದೆ ಇದ್ದರೆ ಊರು ಮಾತಾಡುತ್ತದೆ, ಈ ಹುಡುಗಿ ಮೊನ್ನೆ ಮೊನ್ನೆ ಕೂಸು ಕಳಕೊಂಡವಳು, ಒಂದು ಹಬ್ಬ ಮಾಡಿಕೊಂಡು ಬರಲಿ ಎಂದೆ. ನಾನೂ ರಜೆ ಹಾಕಿ ಶಹಾಬಾದಿಗೆ ಹೋಗುವುದು, ಹಬ್ಬದ ಮರುದಿನ ಎಲ್ಲರನ್ನೂ ವಾಡಿಯಲ್ಲಿ ರೈಲು ಹತ್ತಿಸಿಕೊಂಡು ಬರುವುದು ಎಂದಾಯಿತು. ವೈದ್ಯರು ಗೊಣಗಿಕೊಂಡೇ ಒಪ್ಪಿದರು.

ಹಬ್ಬದ ದಿನ ನಮ್ಮ ಮನೆಯ ಹಾಲೆರೆದು ಮುಗಿಸಿ, ಚಿತ್ತಾಪುರದಿಂದ ಟಂಟಂ ಆಟೋ ಹಿಡಿದು ಅವರ ಊರಿಗೆ ಹೋದೆ. ರೈಲಿನಲ್ಲಿ ಏನು ತರಬೇಕು, ಏನು ತಿನ್ನಬಾರದು ಎಂದು ಹೇಳಿ ಬರುವುದಿತ್ತು. ಖರೇ ಹೇಳಬೇಕೆಂದರೆ ಅವರ ಮನೆಯ ಎಳ್ಳುಂಡಿಯ ಮೇಲೂ ಕಣ್ಣಿತ್ತು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಕಿರಿಯವಳು ಅದರಲ್ಲಿ ಸುಮ್ಮನೆ ಕೂತಿದ್ದಳು, ಜೀಕಿದರೆ ಕಾಲು ನೋಯುತ್ತದೆ. ಮರದ ಬುಡದಲ್ಲಿ ಕಲ್ಲಿನ ನಾಗಪ್ಪ. ಅಕ್ಕ ಹಸಿರು ಇಳಕಲ್ ಸೀರೆಯುಟ್ಟು, ಕೊಬ್ಬರಿ ಬಟ್ಟಲಿನಲ್ಲಿ ಬೆಲ್ಲ ಕಲಸಿದ ಹಾಲು ಹಿಡಿದು ಕೂತಿದ್ದಳು.

ಹಾಲೆರೆಯುವಾಗ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪಾಲು ಎರೆಯುವುದು ನಮ್ಮ ಪದ್ಧತಿ. ಅವಳು ಮೆಲ್ಲಗೆ ಹೇಳುತ್ತ ಎರೆಯುತ್ತಿದ್ದಳು. "ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು. ತಂಗಿ ಪಾಲು. ಅಣ್ಣನ ಪಾಲು."

ಇವರ ಮನೆಯ ಎಲ್ಲರ ರಕ್ತವನ್ನೂ ಕೊಳವೆಯಲ್ಲಿ ಹಿಡಿದು ಹೆಸರು ಬರೆದವಳು ನಾನು. ಅಣ್ಣ ಎಂಬುವನು ಇವರ ಮನೆಯಲ್ಲಿ ಇಲ್ಲ. ಚೇಷ್ಟೆ ಮಾಡಿದೆ. ನಮಗೆ ಹೇಳದೆ ಬಚ್ಚಿಟ್ಟ ಆ ಅಣ್ಣ ಯಾರವ್ವಾ, ಅವನನ್ನೂ ಹಿಡಿದು ಟೆಸ್ಟ್ ಮಾಡುತ್ತಿದ್ದೆವಲ್ಲ ಎಂದೆ.

ಅವಳು ನಕ್ಕಳು. "ರಕ್ತ ಕೊಟ್ಟ ಅಣ್ಣರಿ, ಸಿಸ್ಟರ್. ಟಂಟಂ ಹೊಡೀತಾನ. ಹೆರಿಗಿ ಹೊತ್ನ್ಯಾಗ ನನ್ನ ಸೇಡಂಗಿ ಒಯ್ದಂವ ಅವನೇ, ರಕ್ತ ಕೊಟ್ಟಂವನೂ ಅವನೇ. ಒಡಹುಟ್ಟಿದಂವ ಇದ್ರೂ ಇಷ್ಟು ಮಾಡ್ತಿದ್ದಿಲ್ಲ. ಉಂಡಿ ಕಟ್ಟಿಟ್ಟೀನಿ, ಸಂಜಿಗಿ ಬರ್ತಾನ."

ಒಲೆಯ ಹತ್ತಿರದಿಂದ ತಾಯಿ ಅವಳ ಹೆಸರು ಹಿಡಿದು ಕೂಗಿದರು. ಕೂಗಿದ ರೀತಿಯಲ್ಲೇ ಎಲ್ಲ ಗೊತ್ತಾಯಿತು. ಅವಳ ನಗು ಹೋಯಿತು, ಕೈಯಲ್ಲಿದ್ದ ಬಟ್ಟಲು ವಾಲಿ ಹಾಲು ಸೀರೆಗೆ ಹರಿಯಿತು.

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಹೆರಿಗೆಯಾದ ಸ್ವಲ್ಪ ದಿನಕ್ಕೇ ನಾವು ಪರೀಕ್ಷೆ ಮಾಡಿದ್ದು. ಏರಿಸಿದ ರಕ್ತ ಆಗಿನ್ನೂ ಅವಳ ಮೈಯಲ್ಲಿ ಓಡಾಡುತ್ತಿತ್ತು. ನಕ್ಷೆಯಲ್ಲಿ ಎತ್ತರವಾಗಿ ನಿಂತಿದ್ದ ಆ ಒಳ್ಳೆಯ ಗೆರೆ ಅವಳದ್ದೋ, ಬೇರೆಯವರದ್ದೋ? ಬೇರೆಯವರದ್ದಾದರೆ ಇವಳದ್ದೇ ಆದ ರಕ್ತ ಎಂದರೆ ಆ ಗಿಡ್ಡ ಗೆರೆ ಒಂದೇ. ಅಂದರೆ ಇವಳೂ ತಂಗಿಯಂಥ ರೋಗಿಯೇ ಇರಬಹುದು. ಒಂದೇ ಮನೆಯಲ್ಲಿ ಒಬ್ಬರಿಗೆ ಉಗ್ರವಾಗಿ, ಇನ್ನೊಬ್ಬರಿಗೆ ಸೌಮ್ಯವಾಗಿ ಬರುವುದುಂಟು. ಕಳೆ ತೆಗೆದು ಬಂದ ದಿನ ಕೀಲು ಹಿಡಿಯುತ್ತವೆ ಎಂದು ಅವಳು ಒಮ್ಮೆ ಅಂದಿದ್ದಳು, ಯಾರಿಗೆ ಹಿಡಿಯುವುದಿಲ್ಲ ಎಂದು ನಕ್ಕು ಬಿಟ್ಟಿದ್ದೆವು.

ಆರೋಗ್ಯವಂತರಿಗೆ, ವಾಹಕರಿಗೆ ಆ ಸೂಜಿ ಹಾಕಿದರೆ ಮೈಕೈ ನೋವು ಬಂದು ಹೋಗುತ್ತದೆ. ಸಿಕಲ್ ಸೆಲ್ ರೋಗಿಗೆ ಹಾಕಿದರೆ ಬಿಳಿ ಕಣಗಳು ಒಮ್ಮೆಲೇ ಏರಿ, ಬಾಗಿದ ಕಣಗಳ ಜೊತೆ ಸೇರಿ, ನಾಳಗಳೆಲ್ಲ ಕಟ್ಟಿಕೊಂಡು ಜೀವವೇ ಹೋಗಬಹುದು. ಸೂಜಿ ಹಾಕಬೇಕಿದ್ದ ಕೈ ನನ್ನದು. ಹಬ್ಬ ಮುಗಿಯಲಿ ಎಂದು ತಾಯಿ ಹಟ ಹಿಡಿಯದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಈಗಲೂ ನನಗೆ ಧೈರ್ಯವಿಲ್ಲ.

ತಾಯಿ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದರು. ಚೊಚ್ಚಲ ಹೆರಿಗೆ ತವರಿನದು, ಸುಲೇಪೇಟದವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೀಗರಿಗೆ ಕೂಸು ಹೋದದ್ದು ಹೇಳಿದರು, ರಕ್ತ ಏರಿಸಿದ್ದು ಹೇಳಲಿಲ್ಲ. ಮೊದಲೇ ಸಣ್ಣವಳಿಗೆ ರಕ್ತದ ಬ್ಯಾನಿ ಎಂದು ಬೀಗರ ಮನೆಯಲ್ಲಿ ಗುಸುಗುಸು. ದೊಡ್ಡವಳಿಗೂ ರಕ್ತ ಹಾಕಿಸಿದರು ಎಂದು ತಿಳಿದರೆ ಇವಳಿಗೂ ಅದೇ ಎಂದು ತವರಿಗೆ ತಂದು ಬಿಡುತ್ತಾರೆ ಎಂಬ ಅಂಜಿಕೆ. ಅದಕ್ಕೇ ಆಸ್ಪತ್ರೆಯಲ್ಲಿ ಅಳಿಯನ ಎದುರು ಇಲ್ಲವೇ ಇಲ್ಲ ಎಂದದ್ದು. ಬೀಗರ ಅನುಮಾನ ಸುಳ್ಳು, ಅದಕ್ಕೆ ಆಸ್ಪದ ಕೊಡಬಾರದು ಎಂದಷ್ಟೇ ಅವರು ತಿಳಿದಿದ್ದರು. ಅದು ನಿಜವೇ ಇದ್ದೀತು ಎಂಬುದು ಅವರ ತಲೆಗೆ ಬಂದಿರಲಿಲ್ಲ.

ನಾನು ಅಲ್ಲಿಂದಲೇ ವೈದ್ಯರಿಗೆ ಫೋನು ಹಚ್ಚಿದೆ. ಸೂಜಿಯ ಮಾತೇ ಬೇಡ, ಇಬ್ಬರನ್ನೂ ಕರೆದುಕೊಂಡು ಬನ್ನಿ, ಅಕ್ಕನಿಗೆ ವಂಶವಾಹಿ ಪರೀಕ್ಷೆ ಮಾಡೋಣ, ಅದನ್ನು ಏರಿಸಿದ ರಕ್ತ ಮರೆಮಾಚಲಾರದು ಎಂದರು. ಹಬ್ಬದ ಬಗ್ಗೆ ಏನೂ ಅನ್ನಲಿಲ್ಲ.

ಫೋನು ಇಟ್ಟಾಗ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. "ಮಿಶೀನ್ ಕೆಟ್ಟದ ಅಂತ ಹೇಳ್ರಿ ಸಿಸ್ಟರ್. ತಾರೀಖು ಮುಂದ ಹೋಗ್ಯದ ಅನ್ರಿ. ಅಕಿ ಸುಮ್ಮ ಗಂಡನ ಮನಿಗಿ ಹೋಗ್ಲಿ. ಸಣ್ಣಾಕಿ ಅಂತೂ ಹೀಂಗ ಆದ್ಳು, ದೊಡ್ಡಾಕಿ ಬಾಳೇರ ಉಳೀಲಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪಂಚಮಿಯ ದಿನ ನೆನಪಾಗಬಾರದ ಗಾದೆ, ಆದರೂ ನೆನಪಾಯಿತು. ಅವರು ಹೇಳಿದ ದಾರಿ ನನಗೂ ಸಲೀಸಾಗಿತ್ತು. ಸುಲೇಪೇಟದಲ್ಲಿ ಕೊಟ್ಟ ಮಾತು ಉಳಿಯುತ್ತಿತ್ತು, ಯಂತ್ರದ ಮೇಲೆ ತಪ್ಪು ಹೊರಿಸಿದರೆ ಅದು ಜಗಳಕ್ಕೆ ಬರುವುದಿಲ್ಲ. ಹೂಂ ಅನ್ನಲಿಕ್ಕೆ ಬಾಯಿ ತೆರೆದೂ ಇದ್ದೆ.

ತಡೆದದ್ದು ಒಂದೇ ಯೋಚನೆ. ಈ ಹುಡುಗಿ ತನಗೇನೂ ಇಲ್ಲ ಎಂದು ನಂಬಿ ಗಂಡನ ಮನೆಗೆ ಹೋಗುತ್ತಾಳೆ. ಮತ್ತೆ ಬಸಿರಾಗುತ್ತಾಳೆ. ಸಿಕಲ್ ಸೆಲ್ ಇದ್ದವರ ಬಸಿರಿಗೆ ಮೊದಲ ದಿನದಿಂದ ಬೇರೆಯದೇ ಎಚ್ಚರ ಬೇಕು. ಯಾರಿಗೂ ಗೊತ್ತಿಲ್ಲದೆ ಇನ್ನೊಂದು ಹೆರಿಗೆಗೆ ಕೂತರೆ, ಆ ಸಲ ಟಂಟಂ ಅಣ್ಣ ಸಿಗುತ್ತಾನೋ ಇಲ್ಲವೋ. ಅವಳ ರಕ್ತದ ಸುದ್ದಿ ತಾಯಿಯದಲ್ಲ, ಅತ್ತೆಯದಲ್ಲ, ಅವಳದು. ಮೊದಲು ಅವಳಿಗೆ ಹೇಳುತ್ತೇನೆ, ಮುಂದೆ ಯಾರಿಗೆ ಹೇಳಬೇಕೆಂಬುದನ್ನು ಅವಳೇ ನಿರ್ಧರಿಸಲಿ ಎಂದು ತಾಯಿಗೆ ಹೇಳಿದೆ. ಅವರು ನನ್ನ ಕೈ ಬಿಟ್ಟರು.

ತಂಗಿಯನ್ನು ಒಳಗೆ ಕಳಿಸಿ, ಅಕ್ಕನನ್ನು ಜೋಕಾಲಿಯ ಮೇಲೆ ಕೂರಿಸಿ, ನಾನು ಎದುರಿಗೆ ನೆಲದ ಮೇಲೆ ಕೂತು ಹೇಳಿದೆ. ಇನ್ನೂ ಖಾತ್ರಿಯಿಲ್ಲ, ಪರೀಕ್ಷೆ ಆಗಬೇಕು, ಆದರೆ ಇರುವ ಸಂಭವ ಹೆಚ್ಚು ಎಂದೆ. ಅವಳು ಅಳಲಿಲ್ಲ. ಹಗ್ಗ ಹಿಡಿದುಕೊಂಡಳು.

"ಹಂಗಾದ್ರ ತಂಗಿಗಿ ಯಾರು ಕೊಡ್ತಾರ್ರಿ?" ಎಂದಳು. ಮರುಕ್ಷಣವೇ, "ನನಗ ಏನರೆ ಆಗ್ಲಿ, ನೀವು ಸೂಜಿ ಹಾಕ್ರಿ. ಕೂಸು ಹೋಯ್ತು, ತಂಗಿಯರೆ ಉಳೀಲಿ," ಎಂದಳು.

ನಿಜ ಹೇಳಲೇಬೇಕಾಗಿತ್ತು. "ಹಾಕಿದ್ರೂ ಉಳ್ಯಂಗಿಲ್ಲ ತಂಗೀ. ರೋಗದ ಬೀಜ ಬಿತ್ತಿದ್ರ ರೋಗದ ಬೆಳೀನೇ ಬರ್ತದ. ನಿನ್ನ ಜೀವಾನೂ ಹೋಗ್ತದ, ಅಕಿಗೂ ಆರಾಮ ಆಗಂಗಿಲ್ಲ."

ಆಗ ಅತ್ತಳು. ತನಗೆ ರೋಗವಿದೆ ಎಂದದ್ದಕ್ಕೆ ಬರದ ಅಳು, ಕೊಡಲಿಕ್ಕೆ ಬರುವುದಿಲ್ಲ ಎಂದದ್ದಕ್ಕೆ ಬಂತು. ಸಂಜೆ ಟಂಟಂ ಅಣ್ಣ ಬಂದ. ಕಟ್ಟಿಟ್ಟ ಉಂಡಿಯನ್ನು ಕಣ್ಣು ಒರೆಸಿಕೊಂಡೇ ಕೊಟ್ಟಳು. ಅವನು ಏನಾಯಿತೆಂದು ತಿಳಿಯದೆ ನಮ್ಮೆಲ್ಲರ ಮುಖ ನೋಡಿದ. ಅವನು ರಕ್ತನಿಧಿಗೆ ಕೊಟ್ಟ ರಕ್ತಕ್ಕೆ ಬದಲಾಗಿ ಇವಳಿಗೆ ಬಂದದ್ದು ಯಾರದೋ ಬಾಟಲಿ ಇರಬೇಕು, ಅಲ್ಲಿ ಪದ್ಧತಿ ಹಾಗೆ. ಅದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಮರುದಿನ ವಾಡಿ ಸ್ಟೇಷನ್ನಿಗೆ ಅಳಿಯ ಸುಲೇಪೇಟದಿಂದ ನೇರ ಬಂದ, ಹೆಂಡತಿಯ ಜೊತೆ ಹೈದರಾಬಾದಿಗೆ ಬರಲಿಕ್ಕೆ. ತಾನೇ ಹೇಳುತ್ತೇನೆ ಎಂದು ಅಕ್ಕ ಮೊದಲೇ ನನಗೆ ಹೇಳಿದ್ದಳು. ಪ್ಲಾಟ್‌ಫಾರ್ಮಿನ ಆಚೆ ತುದಿಗೆ ಇಬ್ಬರೂ ಹೋದರು. ಅವಳು ಮಾತಾಡುತ್ತಿದ್ದಳು, ಅವನು ಸಿಮೆಂಟಿನ ಗೂಡ್ಸ್ ಗಾಡಿ ನೋಡುತ್ತ ನಿಂತಿದ್ದ. ತಾಯಿ ನನ್ನ ಪಕ್ಕ ಕೂತು ನೆಲ ನೋಡುತ್ತಿದ್ದರು. ನನ್ನ ಜೊತೆ ಆ ದಿನ ಅವರು ಒಂದೂ ಮಾತಾಡಲಿಲ್ಲ.

ಅವನು ಒಬ್ಬನೇ ನನ್ನ ಹತ್ತಿರ ಬಂದ. "ನಮ್ಮ ಮನ್ಯಾಗ ಕುಂತು ಏನೂ ಇಲ್ಲ ಅಂದಿದ್ರಲ್ರಿ ಸಿಸ್ಟರ್," ಎಂದ.

"ಅಂದಿದ್ದೆ," ಎಂದೆ. ಅದಕ್ಕಿಂತ ಹೆಚ್ಚು ಹೇಳಿದ್ದರೆ ಅದು ತಾಯಿಯ ಮೇಲೆ ದೂರಾಗುತ್ತಿತ್ತು.

"ನನಗ್ಯಾಕ ಹೇಳ್ಲಿಲ್ಲ ಅಂತ ಅಕಿಗಿ ಕೇಳ್ದೆ. ಹೇಳಿದ್ರ ನೀ ಬಿಡ್ತಿದ್ದಿ ಅಂದ್ಳು." ಅವನು ಗೂಡ್ಸ್ ಗಾಡಿಯ ಕಡೆ ತಿರುಗಿದ. "ಬಿಡ್ತಿದ್ದೆನೋ ಏನೋ. ನನಗೇ ಗೊತ್ತಿಲ್ರಿ."

ಇಷ್ಟು ಪ್ರಾಮಾಣಿಕ ಮಾತನ್ನು ನಾನು ಅವನಿಂದ ನಿರೀಕ್ಷಿಸಿರಲಿಲ್ಲ. ರೈಲು ಬಂತು, ಅವನೂ ಹತ್ತಿದ. ತಂಗಿಗೆ ಕಿಟಕಿಯ ಪಕ್ಕದ ಸೀಟು ಕೊಟ್ಟೆವು.

ವಂಶವಾಹಿ ಪರೀಕ್ಷೆಯ ಫಲಿತಾಂಶ ನಾವು ಅಂಜಿದ್ದೇ ಆಯಿತು. ಅಕ್ಕನಿಗೂ ಎರಡೂ ಕಡೆಯಿಂದ ಬಂದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ವೈದ್ಯರು ಅವಳಿಗೆ ದಿನಾ ತಗೊಳ್ಳುವ ಗುಳಿಗೆ ಬರೆದುಕೊಟ್ಟರು, ಬಸಿರಾಗುವ ಮುಂಚೆ ಕೇಳಿ ನಿಲ್ಲಿಸಬೇಕು ಎಂದು ಗಂಡ ಹೆಂಡತಿ ಇಬ್ಬರಿಗೂ ತಿಳಿಸಿ ಹೇಳಿದರು.

ತಂಗಿಗೆ ಉಳಿದದ್ದು ಅರ್ಧ ಹೊಂದುವ ದಾನಿ. ತಂದೆ ಅಥವಾ ತಾಯಿ. ಇದು ಪೂರ್ತಿ ಹೊಂದಿದ ಕಸಿಯಷ್ಟು ಸುರಕ್ಷಿತವಲ್ಲ, ಹೊಸ ಕಣಗಳು ನಿಲ್ಲದೆ ಹೋಗಬಹುದು, ನಿಂತು ಹುಡುಗಿಯ ಮೈಯ ಮೇಲೇ ತಿರುಗಿ ಬೀಳಬಹುದು. ವೈದ್ಯರು ಏನನ್ನೂ ಮುಚ್ಚದೆ ಹೇಳಿದರು. ತಾಯಿ ನಾನೇ ಕೊಡುತ್ತೇನೆ ಎಂದು ಸೆರಗು ಸಿಗಿಸಿ ನಿಂತರು. ಆದರೆ ಅಷ್ಟು ವರ್ಷ ಅವರಿವರ ರಕ್ತ ಏರಿಸಿಕೊಂಡ ಹುಡುಗಿಯ ಮೈಯಲ್ಲಿ, ತಾಯಿಯ ಕಣಗಳನ್ನು ಕೊಲ್ಲುವ ಪ್ರತಿಕಾಯಗಳು ಬೆಳೆದಿದ್ದವು. ನಿಮ್ಮದು ಅವಳಿಗೆ ಆಗುವುದಿಲ್ಲ ಎಂದು ಹೇಳುವ ಕೆಲಸ ನನಗೇ ಬಂತು. ಅವರು ಕೇಳಿದ್ದು ಒಂದೇ: "ನಾ ಸುಳ್ಳು ಹೇಳಿದ್ದಕ್ಕೇನ್ರಿ?"

ಅಲ್ಲ ಎಂದು ಎಷ್ಟು ಬಗೆಯಲ್ಲಿ ಬಿಡಿಸಿ ಹೇಳಿದೆನೋ. ತಲೆಯಾಡಿಸಿದರು, ನಂಬಲಿಲ್ಲ.

ತಂದೆ ವಾಹಕ, ಅವರ ಕಣಗಳಿಗೆ ವಿರೋಧವಿರಲಿಲ್ಲ. ಕಲ್ಲಿನ ಧೂಳು ಕುಡಿದ ಎದೆ ಹೇಗಿದೆಯೋ ಎಂದು ನಾವು ಹೆದರಿದ್ದೆವು, ಎಕ್ಸ್‌ರೇ ಸರಿಯಿತ್ತು. ಈ ಸಲ ನಾನು ಸೂಜಿಮದ್ದಿನ ಸಿರಿಂಜು ಹಿಡಿದು ಅವರೆದುರು ನಿಂತು, ಮಂದಿಯನ್ನೆಲ್ಲ ಹೊರಗೆ ಕಳಿಸಿ, ರಕ್ತ ಏರಿಸಿದ್ದಾರೇನು ಎಂದು ಮತ್ತೆ ಕೇಳಿದೆ. ಇಲ್ಲ ತಾಯಿ, ಹೆಂಡದಂಗಡಿಯಲ್ಲಿ ಏರಿಸಿದ್ದಷ್ಟೇ ಎಂದರು. ಅಂದಿನಿಂದ ಆ ಪ್ರಶ್ನೆ ಕೇಳುವಾಗ ದಾನಿಯ ಜೊತೆ ಬಂದವರನ್ನು ಚಹಾಕ್ಕೆ ಕಳಿಸುವುದು ನನ್ನ ರೂಢಿಯಾಗಿದೆ.

ಎರಡನೆಯ ಸೂಜಿಗೇ ಅವರ ಸೊಂಟ, ಎದೆಗೂಡು ನೋಯಲು ಶುರುವಾಯಿತು. ಅದು ಒಳ್ಳೆಯ ಲಕ್ಷಣ, ಮಜ್ಜೆ ಕೆಲಸ ಮಾಡುತ್ತಿದೆ ಎಂದು ನಾನು ಹೇಳಿದರೆ, ಎಲುಬಿಗೆ ಪಾಲಿಶ್ ಹೊಡೆದ ಹಾಗಿದೆ ಎಂದರು. ಯಂತ್ರದ ದಿನ ಒಂದು ತೋಳಿನಿಂದ ರಕ್ತ ಹೋಗಿ ಇನ್ನೊಂದಕ್ಕೆ ಬರುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ತುಟಿ ಜುಮುಗುಟ್ಟಿದರೆ ಹೇಳಿ, ಕ್ಯಾಲ್ಸಿಯಂ ಕೊಡುತ್ತೇವೆ ಎಂದಿದ್ದೆ. ತುಟಿ ಮರಗಟ್ಟಿ ಬೆರಳು ಸೆಟೆಯುವವರೆಗೂ ಹೇಳದೆ ಕೂತು ಬೈಸಿಕೊಂಡರು. ಆ ದಿನ ಸಿಕ್ಕ ಕಣ ಸಾಲಲಿಲ್ಲ. ಒಳಗೆ ಹುಡುಗಿಯ ಮಜ್ಜೆ ಆಗಲೇ ಖಾಲಿಯಾಗುತ್ತಿತ್ತು. ಮರುದಿನ ಮತ್ತೆ ಕೂರಿಸಿದೆವು. ಸಂಜೆಗೆ ಪ್ರಯೋಗಾಲಯದಿಂದ ಸಾಕು ಎಂಬ ಸುದ್ದಿ ಬಂದಾಗ ನಾನು ಓಡಿಹೋಗಿ ಅವರಿಗೆ ಹೇಳಿದೆ.

ಅರ್ಧ ಹೊಂದಿದ ಕಸಿಯಲ್ಲಿ ಬೀಜ ಬಿತ್ತಿದ ಮೇಲೂ ಮತ್ತೊಮ್ಮೆ ಕಳೆನಾಶಕದಂಥ ಔಷಧ ಕೊಡಬೇಕಾಗುತ್ತದೆ. ಮುನಿಸಿಕೊಂಡ ಕಣಗಳು ಅದರಿಂದ ಸಾಯುತ್ತವೆ, ಬೀಜ ಉಳಿಯುತ್ತದೆ. ಕೇಳಲಿಕ್ಕೆ ಚಂದ. ಹುಡುಗಿಯ ಬಾಯೆಲ್ಲ ಹುಣ್ಣಾಯಿತು, ಜ್ವರ ಏರಿತು, ಕೂದಲು ದಿಂಬಿನ ಮೇಲೆ ಉಳಿಯಿತು. ದಿನಾ ಬೆಳಿಗ್ಗೆ ಬಿಳಿ ಕಣದ ವರದಿ ನೋಡುವುದು, ಏನೂ ಇಲ್ಲ ಎಂದು ಬಂದು ಹೇಳುವುದು. ಒಂದು ಹಂತದಲ್ಲಿ ವೈದ್ಯರೂ ನನ್ನ ಕಣ್ಣು ತಪ್ಪಿಸತೊಡಗಿದರು. ಅಕ್ಕ ಗಾಜಿನಾಚೆ ಕೂತು ಕೈಸನ್ನೆಯಲ್ಲಿ ತಂಗಿಯ ಜೊತೆ ಚೌಕಾಬಾರ ಆಡುತ್ತಿದ್ದಳು, ಬೇಕೆಂದೇ ಸೋಲುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ ವರದಿಯಲ್ಲಿ ಕಣ ಕಂಡವು. ಮರುದಿನ ಇನ್ನಷ್ಟು. ತಂದೆಯ ಬೀಜ ಮೊಳೆತಿತ್ತು.

ಇದೆಲ್ಲ ಆಗಿ ಮತ್ತೊಂದು ಪಂಚಮಿ ಬಂತು. ಹೋದೆ. ಹುಡುಗಿಗೆ ಕೂದಲು ಗುಂಗುರಾಗಿ ಬಂದಿದೆ, ಮುಖಕ್ಕೆ ಮಾಸ್ಕ್, ಅಂಗಡಿ ತಿಂಡಿಗೆ ಇನ್ನೂ ನಿಷೇಧ. ಜೋಕಾಲಿಯನ್ನು ಜೀಕುತ್ತಿದ್ದಳು. ನೋವು ಮತ್ತೆ ಬಂದಿಲ್ಲ. ತಾಯಿ ನನಗೆ ಉಂಡಿ ಕೊಟ್ಟರು, ಕುಂದ್ರಿ ಎಂದರು. ಅಷ್ಟೇ.

ಅಕ್ಕ ಹಬ್ಬಕ್ಕೆ ಬಂದವಳಲ್ಲ. ದೀಪಾವಳಿಯಿಂದ ಅಲ್ಲೇ ಇದ್ದಾಳೆ. ಸುಲೇಪೇಟದ ಅತ್ತೆಗೆ ವಿಷಯ ತಿಳಿದ ಮೇಲೆ ಕರೆಸಿಕೊಂಡಿಲ್ಲ. ಗಂಡ ಆಗಾಗ ಬಸ್ಸು ಹಿಡಿದು ಬರುತ್ತಾನೆ, ಸೇಡಂನಿಂದ ಅವಳ ಗುಳಿಗೆ ತಂದುಕೊಡುತ್ತಾನೆ, ಉಂಡು ಹೋಗುತ್ತಾನೆ, ಕರೆದೊಯ್ಯುವ ಮಾತೆತ್ತುವುದಿಲ್ಲ. ತಾಯಿ ಅಂಜಿದ್ದು ಅಕ್ಷರಶಃ ಆಯಿತು. ನಾನು ಆ ದಿನ ಬೇರೆ ಮಾಡಬಹುದಿತ್ತೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಲ್ಲ ಎಂದೇ ಉತ್ತರ ಬರುತ್ತದೆ, ಸಮಾಧಾನ ಬರುವುದಿಲ್ಲ.

ಅಕ್ಕ ಹಾಲೆರೆದಳು. ಅಪ್ಪನ ಪಾಲು, ಅವ್ವನ ಪಾಲು, ತಂಗಿ ಪಾಲು, ರಕ್ತ ಕೊಟ್ಟ ಅಣ್ಣನ ಪಾಲು. ಊರಿನ ಹೆಸರು ಹೇಳದೆ, ಅವರ ಪಾಲು ಎಂದಷ್ಟೇ ಅಂದು, ಸುಲೇಪೇಟದವರ ಪಾಲನ್ನೂ ಎರೆದಳು. ಆಮೇಲೆ ಬಟ್ಟಲು ತಂಗಿಯ ಕೈಗೆ ಹೋಯಿತು.

ತಂಗಿ ಎರೆಯುವ ಮುಂಚೆ ನನ್ನ ಕಡೆ ತಿರುಗಿ, "ಸಿಸ್ಟರ್, ನಂದೂ ಅಕ್ಕಂದೂ ಪೂರಾ ಹೊಂದ್ತದ ಅಂದಿದ್ರಲ್ರಿ. ಈಗ ನನ್ನ ರಕ್ತ ಛಲೋ ಆಗ್ಯದ. ಅಕ್ಕಗ ಕೊಡ್ಲಿಕ್ಕ ಬರ್ತದೇನ್ರಿ?" ಎಂದಳು.

ಇದನ್ನು ಅವಳು ಎಷ್ಟು ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳೋ. ಅಕ್ಕ ನನ್ನತ್ತ ನೋಡಲಿಲ್ಲ, ಕಲ್ಲಿನ ಮೇಲೆ ಚೆಲ್ಲಿದ ಜೋಳದ ಅಳ್ಳು ಆರಿಸುತ್ತಿದ್ದಳು.

"ಬರಂಗಿಲ್ಲವ್ವಾ," ಎಂದೆ. "ಈಗ ನಿನ್ನ ಮೈಯಾಗ ಇರೋದು ನಿನ್ನ ರಕ್ತ ಅಲ್ಲ, ನಿಮ್ಮಪ್ಪಂದು. ಹೊಂದ್ತಿದ್ದ ರಕ್ತ ಹೋಯ್ತು. ಅದು ಹೋಗಿದ್ದಕ್ಕೇ ನೀ ಆರಾಮ ಆಗಿದ್ದಿ."

ಹುಡುಗಿ ನಾಗಪ್ಪನ ಎದುರು ಕೂತು, ದೇವರ ಪಾಲನ್ನೂ ಎರೆಯದೆ, ಅಪ್ಪನದನ್ನೂ ಎರೆಯದೆ, ಅಕ್ಕನ ಪಾಲು ಎಂದು ಇದ್ದ ಹಾಲನ್ನೆಲ್ಲ ಒಮ್ಮೆಗೇ ಎರೆದುಬಿಟ್ಟಳು. ತಾಯಿ ಬೈಯಲಿಲ್ಲ. ಒಳಗೆ ಹೋಗಿ ಬೇರೆ ಹಾಲು ತಂದರು.